ಅರ್ಧ ಒರೆಸಿದ ಕರೆ

ನನ್ನ ಗಂಡ ತಿಪ್ಪೇಶನನ್ನು ಮಣ್ಣು ಮಾಡಿ ಮೂರು ದಿನ ಕಳೆದಿತ್ತು. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬೆಳಗ್ಗೆ ಎದ್ದಾಗ ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ, ನನ್ನ ತಲೆ ನೇವರಿಸಲು ಯಾರೂ ಬರಲಿಲ್ಲ. ಸುತ್ತಿಟ್ಟ ಚಾಪೆಗಳು ಗೋಡೆಗೆ ಒರಗಿದ್ದವು. ನೀರು ಬರುವ ಹೊತ್ತಾಗಿತ್ತು, ಅಷ್ಟೆ. ನಾನು ಕೊಡ ತೊಳೆದು ಹೊಸ್ತಿಲ ಮೇಲೆ ಸಾಲಾಗಿ ಇಟ್ಟೆ. ಅತ್ತೆ ಬಂದು ನೋಡಿ, ಮೂರರಲ್ಲಿ ಒಂದನ್ನು ಎತ್ತಿಕೊಂಡು ಒಳಗೆ ಹೋದರು.

ನಮ್ಮ ಊರಿನಲ್ಲಿ ನೀರು ಕರೆದರೆ ಬರುತ್ತದೆ. ಬೆಳಕು ಹರಿಯುವಾಗ ಬೀದಿಯ ನಡುವಿನ ಕಂಬದ ಮೇಲಿರುವ ಪೆಟ್ಟಿಗೆ ಒಬ್ಬೊಬ್ಬರ ಕರೆಯನ್ನೂ ಸರದಿಯಂತೆ ನುಡಿಸುತ್ತದೆ. ಕೆಲವರದು ಒಂದು ಕೂಗು, ಕೆಲವರದು ಅರ್ಧ ಹಾಡು, ಎಳೆಯ ಮಕ್ಕಳದು ಬರೀ ಅಳು. ನೀರು ಕಲ್ಲುಗಾಲುವೆಯಲ್ಲಿ ಬಂದು, ಆ ದನಿಯವರ ಮನೆಯ ಮುಂದೆ ತಿರುಗಿ, ಮೆಟ್ಟಿಲು ಹತ್ತಿ, ಕೊಡ ತುಂಬಿಸಿ ಮುಂದಿನ ಕರೆಗೆ ಹೋಗುತ್ತದೆ. ಒಂದು ಕರೆಗೆ ಒಂದು ಕೊಡ. ಹಿಂದೆ ಬಾಯಲ್ಲೇ ಕರೆಯುತ್ತಿದ್ದರಂತೆ. ಎಲ್ಲರೂ ಒಟ್ಟಿಗೆ ಕೂಗಿ, ನೀರು ಯಾರ ಮನೆಗೆ ಹೋಗಬೇಕೆಂದು ತಿಳಿಯದೆ ನಿಂತು, ಜನ ಕೊಡದಲ್ಲೇ ತಲೆ ಒಡೆದುಕೊಂಡ ಮೇಲೆ ಹಿರಿಯರು ಪೆಟ್ಟಿಗೆ ಹಾಕಿಸಿದರು. ಈಗ ನೀರು ಬಾಯಿಗೆ ಓಗೊಡುವುದಿಲ್ಲ.

ಯಾರಾದರೂ ಸತ್ತರೆ ಚಟ್ಟ ಏಳುವ ಮೊದಲು ಅವರ ಕರೆಯನ್ನು ಪೆಟ್ಟಿಗೆಯಿಂದ ತೆಗೆಯುತ್ತಾರೆ. ಚಟ್ಟ ಬೀದಿ ದಾಟುವಾಗ ಪೆಟ್ಟಿಗೆಯನ್ನು ಬಂದ್ ಮಾಡುತ್ತಾರೆ. ಆಮೇಲೆ ಮೂರು ದಿನ ಬೀದಿ ನೀರು ಕರೆಯುವುದಿಲ್ಲ, ತುಂಬಿಟ್ಟಿದ್ದರಲ್ಲೇ ಕಳೆಯುತ್ತದೆ. ನಾಲ್ಕನೆಯ ಬೆಳಗು ಪೆಟ್ಟಿಗೆಯ ಸ್ವಿಚ್ಚು ಹಾಕುವುದು ಬೀದಿಯ ಯಜಮಾನ ರುದ್ರೇಶಪ್ಪನವರ ಕೆಲಸ.

ಅವರು ಏಣಿ ಹತ್ತಿ ಸ್ವಿಚ್ಚು ಹಾಕಿದ್ದು ನಮ್ಮ ಬಾಗಿಲಿಂದಲೇ ಕಂಡಿತು. ಎಂದಿನಂತೆ ಬೀದಿಯ ಮೊದಲ ಮನೆಯವರ ಕರೆ ಬರಬೇಕಿತ್ತು. ಬರಲಿಲ್ಲ. ಪೆಟ್ಟಿಗೆಯೊಳಗೆ ಟಕ್ಕೆಂದು ಒಂದು ಸದ್ದಾಯಿತು. ಕೆಂಪು ಲೈಟು ಹೊತ್ತಿ ಆರಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ಕೆಂದಿತು, ಮತ್ತೆ ಹೊತ್ತಿ ಆರಿತು. ಕಾಲುವೆ ಒಣಗಿ ಬಿದ್ದಿರುವುದು ಎಲ್ಲರಿಗೂ ಕಾಣುತ್ತಿತ್ತು. ಕೊಡಗಳ ಹಿಂದೆ ನಿಂತಿದ್ದ ಜನ ಒಬ್ಬೊಬ್ಬರಾಗಿ ನಮ್ಮ ಮನೆಯ ಕಡೆ ತಿರುಗಿದರು. ಪೆಟ್ಟಿಗೆ ಕೆಟ್ಟರೆ ನೋಡುತ್ತಿದ್ದವನು ತಿಪ್ಪೇಶ, ಹಾಗೆ ತಿರುಗುವುದು ಅವರಿಗೆ ರೂಢಿ. ಬಾಗಿಲಲ್ಲಿ ನನ್ನನ್ನು ಕಂಡು ಕೆಲವರು ಕಣ್ಣು ತಗ್ಗಿಸಿದರು.

ರುದ್ರೇಶಪ್ಪ ಸ್ವಿಚ್ಚು ತೆಗೆದರು, ಹಾಕಿದರು. ಮತ್ತೆ ತೆಗೆದರು. ಆ ಕೈಯನ್ನು ಹಿಡಿದು ನಿಲ್ಲಿಸಬೇಕೆನಿಸಿತು. ಮೂರು ದಿನದಲ್ಲಿ ನನಗೆ ಮೊದಲ ಸಲ ಏನಾದರೂ ಅನಿಸಿದ್ದು ಅದೇ. ಮೆಟ್ಟಿಲು ಇಳಿದು ಕಂಬದ ಕೆಳಗೆ ಹೋದೆ. ನಾಲ್ಕನೆಯ ದಿನಕ್ಕೇ ಬೀದಿಗಿಳಿದಳೆಂದು ಯಾರೋ ಹಿಂದೆ ಗೊಣಗಿದ್ದು ಕೇಳಿಸಿತು.

“ಮಾವ, ಕೈ ತೆಗೀರಿ. ಮತ್ತೆ ಮತ್ತೆ ಹಾಕಬೇಡಿ.”

“ಇನ್ನೊಂದ್ ಸಲ ನೋಡ್ತೀನಿ ಇರವ್ವ. ಒಂದೊಂದ್ ಸಲ ತಾನಾಗೇ ಹತ್ತಿಕೊಳ್ತೈತೆ.”

“ಹತ್ತಿಕೊಳ್ಳಲ್ಲ. ಪ್ರತಿ ಸಲ ಹಾಕಿದಾಗಲೂ ಒಳಗೆ ಇನ್ನಷ್ಟು ಒರೆಸಿಹೋಗ್ತಾ ಇರಬಹುದು.”

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ತಿಪ್ಪೇಶನ ಕರೆಯನ್ನು ತೆಗೆದದ್ದು ಹೇಗೆ ಎಂದು ಕೇಳಿದೆ. ಅವನೇ ಒಮ್ಮೆ ಕಲಿಸಿಕೊಟ್ಟ ಹಾಗೆ ಹೆಸರು ಆರಿಸಿ ಗುಂಡಿ ಒತ್ತಿದೆ ಎಂದರು. ಒತ್ತಿದ ಮೇಲೆ ಎಷ್ಟು ಹೊತ್ತು ಬಿಟ್ಟಿರಿ ಎಂದು ಕೇಳಿದೆ. ಅವರು ಚಟ್ಟ ಹೋದ ದಾರಿಯ ಕಡೆ ನೋಡಿದರು. ಚಟ್ಟ ಎದ್ದಿತ್ತು, ಹೊತ್ತವರು ನಡೆಯಲು ಶುರುಮಾಡಿದ್ದರು, ರುದ್ರೇಶಪ್ಪ ಗುಂಡಿ ಒತ್ತಿದೊಡನೆಯೇ ಸ್ವಿಚ್ಚು ತೆಗೆದುಬಿಟ್ಟಿದ್ದರು.

ಇಷ್ಟು ವರ್ಷ ಆ ಗಳಿಗೆಯಲ್ಲಿ ಕಂಬದ ಕೆಳಗೆ ತಿಪ್ಪೇಶ ಕೈ ಕಟ್ಟಿಕೊಂಡು ನಿಂತಿರುತ್ತಿದ್ದ. ಇರಿ, ಹಸಿರು ಲೈಟು ಇನ್ನೂ ಮಿಣುಕ್ತಿದೆ ಎನ್ನುತ್ತಿದ್ದ. ಹೊತ್ತವರು ಚಟ್ಟದ ಸಮೇತ ನಿಂತು ಕಾಯುತ್ತಿದ್ದರು. ಸತ್ತವರಿಗೂ ತಿಪ್ಪೇಶನ ಅಪ್ಪಣೆ ಬೇಕು ಎಂದು ಬೀದಿಯಲ್ಲಿ ತಮಾಷೆ ಮಾಡುತ್ತಿದ್ದರು. ಈ ಸಲ ಇರಿ ಎನ್ನುವವನೇ ಚಟ್ಟದ ಮೇಲಿದ್ದ.

ಪೆಟ್ಟಿಗೆಯೊಳಗೆ ದನಿ ಹಿಡಿದಿಡುವ ಚಿಪ್ಪುಗಳ ವಿಷಯವನ್ನೇ ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ. ಸವೆದ ಚಿಪ್ಪುಗಳ ಬಗ್ಗೆ ಕೇಳಲು ತಿಪ್ಪೇಶ ನಮ್ಮ ಪ್ರಯೋಗಾಲಯಕ್ಕೆ ಬಂದಾಗಲೇ ಪರಿಚಯ. ಮದುವೆಯಾದ ಮೇಲೆ ಪೆಟ್ಟಿಗೆಗಳನ್ನು ಅವನು ಬಿಚ್ಚಿ ಸರಿಮಾಡುತ್ತಿದ್ದ. ಯಾಕೆ ಹಾಗಾಯಿತು ಎಂದು ಊಟದ ಹೊತ್ತಿಗೆ ನನ್ನನ್ನು ಕೇಳುತ್ತಿದ್ದ. ಅಲ್ಲಿ ನಿಂತವರಿಗೆ ಊಟದ ಹೊತ್ತಿನ ಭಾಷೆಯಲ್ಲೇ ಹೇಳಿದೆ. ಪೆಟ್ಟಿಗೆಯ ಫ್ಲಾಶ್ ಚಿಪ್ಪಿನಲ್ಲಿ ಸ್ಲೇಟಿನ ಹಾಗೆ ಒಂದು ಅಕ್ಷರ ಮಾತ್ರ ಒರೆಸಲು ಬರುವುದಿಲ್ಲ. ಒರೆಸಿದರೆ ಇಡೀ ಕಟ್ಟನ್ನೇ, ಬ್ಲಾಕನ್ನೇ ಒರೆಸಬೇಕು. ಒಂದೊಂದು ಬ್ಲಾಕಿನಲ್ಲಿ ಇಬ್ಬರು ಮೂವರ ಕರೆ ಇರುತ್ತದೆ. ಒಬ್ಬರನ್ನು ತೆಗೆಯಬೇಕಾದರೆ ಜೊತೆಯಲ್ಲಿರುವವರನ್ನು ಮೊದಲು ಬೇರೆ ಬ್ಲಾಕಿಗೆ ಸಾಗಿಸಿ, ಆಮೇಲೆ ಹಳೆಯದನ್ನು ಒರೆಸುತ್ತದೆ. ಸಾಗಿಸುತ್ತಿದ್ದಾಗ ಕರೆಂಟು ಹೋಗಿದೆ. ಈಗ ಪೆಟ್ಟಿಗೆ ಎದ್ದಾಗಲೆಲ್ಲ ಅರ್ಧ ಇಲ್ಲಿ ಅರ್ಧ ಅಲ್ಲಿ ಕಾಣುತ್ತದೆ, ಲೆಕ್ಕ ತಾಳೆಯಾಗುವುದಿಲ್ಲ, ಮತ್ತೆ ಮಲಗುತ್ತದೆ.

ಪಕ್ಕದ ಮನೆಯ ಅಂಬಕ್ಕ ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡೇ ಕೇಳಿಸಿಕೊಂಡಳು. ಇದಕ್ಕೆ ಇಷ್ಟೆಲ್ಲ ಯಾಕೆ ಎಂದಳು.

“ಎಲ್ಲಾನೂ ಒರೆಸಿ ಹೊಸದಾಗಿ ಕರೆ ತಗಂಡ್ರಾತು. ಹುಣಸೆಮರದ ಬೀದೀಲಿ ಹಂಗೇ ಮಾಡಿದ್ರು. ಒಂದೊಪ್ಪತ್ತಿನ ಕೆಲಸ.”

ಜನರಿಗೆ ಅದು ಹಿಡಿಸಿತು. ಗುರುಬಸವನಿಗೆ ಎಲ್ಲರಿಗಿಂತ ಹೆಚ್ಚು ಹಿಡಿಸಿತು. ಅವನಿಗೆ ಮೀಸೆ ಬಂದು, ಮದುವೆ ಗೊತ್ತಾಗಿದ್ದರೂ ಅವನ ಕರೆ ಇನ್ನೂ ತೊಟ್ಟಿಲ ಅಳುವೇ ಆಗಿತ್ತು. ಹೆಂಡತಿ ಬರೋಷ್ಟರಲ್ಲಿ ಒಳ್ಳೇದೊಂದು ಹಾಕ್ಸಿಬಿಡು ಎಂದು ಯಾರೋ ಅಂದರು, ನಾಲ್ಕಾರು ಜನ ನಕ್ಕರು. ಹಾಗೆ ನಗುತ್ತಿದ್ದವರು ನಮ್ಮ ಬಾಗಿಲ ಕಡೆ ನೋಡಿ ಸುಮ್ಮನಾದರು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಸೆರಗನ್ನು ಕುತ್ತಿಗೆಗೆ ಒತ್ತಿ ಹಿಡಿದಿದ್ದರು.

ಅತ್ತೆಯ ಗಂಟಲಿನ ಆಪರೇಷನ್ನು ನಾನು ಆ ಮನೆಗೆ ಬರುವ ಮೊದಲೇ ಆಗಿತ್ತು. ದನಿ ಪೂರ್ತಿ ಹೋಗಿದೆ. ತುಟಿಯಲ್ಲೇ ಮಾತಾಡುತ್ತಾರೆ, ನಾವು ನೋಡಿ ತಿಳಿದುಕೊಳ್ಳುತ್ತೇವೆ. ಅವರ ದನಿಯನ್ನು ನಾನು ಕೇಳಿರುವುದು ಪೆಟ್ಟಿಗೆಯಲ್ಲಿ ಮಾತ್ರ, ದಿನಕ್ಕೊಂದು ಸಲ. ಕರುವನ್ನು ಕರೆದ ಹಾಗೆ ಕರೆಯುತ್ತಾರೆ. ಬಾ ಬಾ ಬಾ, ಬಾರೇ ಮಗಳೇ. ಎಲ್ಲವನ್ನೂ ಒರೆಸಿದರೆ ಬೀದಿಯಲ್ಲಿ ಉಳಿದವರೆಲ್ಲ ಮತ್ತೊಮ್ಮೆ ಕರೆಯಬಹುದು, ಅವರು ಕರೆಯಲಾರರು. ಒಬ್ಬರಿಗಾಗಿ ಇನ್ನೊಬ್ಬರು ಕರೆದರೆ ನೀರು ಬೀದಿಯ ತಿರುವಿನ ತನಕ ಬಂದು ಹಿಂದಿರುಗುತ್ತದೆ. ಕರೆ ಇಲ್ಲದವರು ಬೀದಿಯಲ್ಲಿ ಉಳಿಯುವಂತಿಲ್ಲ. ಉಳಿದರೆ ನೀರು ಯಾರ ಕರೆಗೂ ಬರುವುದಿಲ್ಲ. ಅಂಥವರು ಊರಾಚೆ ಮೇಲ್ದಿಬ್ಬದಲ್ಲಿ ಲಾರಿ ನೀರು ಹಿಡಿದುಕೊಂಡು ಇರುತ್ತಾರೆ.

ಅಂಬಕ್ಕ ಕೊಡವನ್ನು ಕೆಳಗಿಟ್ಟಳು. “ನಾನು ನಿಮ್ಮತ್ತೆ ಬೋರಮ್ಮನ್ನ ಮನಸಲ್ಲಿಟ್ಕಂಡು ಹೇಳ್ಲಿಲ್ಲ ಕಣೆ,” ಎಂದಳು. ಗೊತ್ತು ಎಂದೆ.

ರುದ್ರೇಶಪ್ಪ ಏಣಿಯಿಂದ ಇಳಿದು ಬಹಳ ಹೊತ್ತು ಪಂಚೆಯ ಅಂಚು ಸರಿಮಾಡಿಕೊಂಡರು. ತುಂಬಿಟ್ಟ ನೀರು ಎಲ್ಲರ ಮನೆಯಲ್ಲೂ ತಳ ಕಂಡಿತ್ತು. ಎರಡು ಮನೆಯಲ್ಲಿ ಹಸುಗೂಸುಗಳಿದ್ದವು. ಕೊನೆಗೆ ಅವರು ನನ್ನ ಮುಖ ನೋಡದೆ ಹೇಳಿದರು.

“ನಾಳೆ ಬೆಳಗಿನ ತನಕ ನೋಡು ತಾಯಿ. ಆಗ್ಲೂ ಏಳ್ಲಿಲ್ಲ ಅಂದ್ರೆ ಒರೆಸದೆ ಬೇರೆ ದಾರಿ ಇಲ್ಲ. ನಾನೇ ನಿಮ್ಮತ್ತೆ ಕಾಲು ಹಿಡೀತೀನಿ.”

ಪೆಟ್ಟಿಗೆಯನ್ನು ಕೆಳಗಿಳಿಸಿಕೊಟ್ಟರು. ನಾನು ಮನೆಗೆ ತಂದು ತಿಪ್ಪೇಶನ ಮೇಜಿನ ಮೇಲಿಟ್ಟೆ. ಅವನ ಕನ್ನಡಕ ಅಲ್ಲಿತ್ತು. ಪಕ್ಕಕ್ಕೆ ಸರಿಸಿದೆ.

ಪೆಟ್ಟಿಗೆಯ ಹಿಂದೆ ಮೂರು ತಂತಿಯ ಸಣ್ಣ ಕಿಂಡಿಯಿದೆ. ಅದಕ್ಕೆ ಕೇಬಲ್ಲು ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದರೆ, ಪೆಟ್ಟಿಗೆ ಏಳುವಾಗ ತನ್ನೊಳಗೆ ನಡೆಯುವುದನ್ನು ಸಾಲುಸಾಲಾಗಿ ಹೇಳುತ್ತ ಹೋಗುತ್ತದೆ. ಎದ್ದ ಮೊದಲ ಕ್ಷಣದಲ್ಲೇ ಒಂದು ಕೀಲಿ ಒತ್ತಿದರೆ ಮುಂದಕ್ಕೆ ಹೋಗದೆ, ಏನನ್ನೂ ಬರೆಯದೆ, ನಮ್ಮ ಆಜ್ಞೆಗೆ ಕಾಯುತ್ತದೆ. ಇದು ನನಗೆ ಗೊತ್ತಿತ್ತು. ಬೆರಳನ್ನು ಕೀಲಿಯ ಮೇಲಿಟ್ಟುಕೊಂಡೇ ಕರೆಂಟು ಕೊಟ್ಟೆ. ಆದರೂ ತಡವಾಯಿತು. ಸಾಲುಗಳು ಓಡಿದವು. ಫೈಲ್ ಸಿಸ್ಟಮ್ ಹುಡುಕುತ್ತಿದೆ. ಬ್ಲಾಕು ಮೂವತ್ತೊಂದರಲ್ಲಿ ಅರ್ಧ ಸಾಗಣೆ. ಸ್ವಚ್ಛಗೊಳಿಸಲಾಗುತ್ತಿದೆ. ಅಲ್ಲಿ ವೈರನ್ನೇ ಕಿತ್ತೆ.

ಕಿತ್ತ ವೈರು ಕೈಯಲ್ಲಿ ಹಿಡಿದು ಕೂತೆ. ಸ್ವಚ್ಛಗೊಳಿಸುವುದೆಂದರೆ ಒರೆಸುವುದು. ಅದು ಶುರುವಾಗಿತ್ತೇ, ಶುರುವಾಗುವುದರಲ್ಲಿತ್ತೇ, ಗೊತ್ತಾಗುವಂತಿರಲಿಲ್ಲ. ರುದ್ರೇಶಪ್ಪ ಅಷ್ಟು ಸಲ ಸ್ವಿಚ್ಚು ಹಾಕಿ ಮಾಡದ ಹಾನಿಯನ್ನು ನಾನು ಒಂದೇ ಸಲಕ್ಕೆ ಮಾಡಿರಬಹುದಿತ್ತು. ಮೂವತ್ತೊಂದರಲ್ಲಿ ಯಾರಿದ್ದಾರೆಂದು ನನಗೆ ಗೊತ್ತಿತ್ತು. ಅತ್ತೆಯ ಕರೆ ಇದ್ದ ಹಳೆಯ ಬ್ಲಾಕು ಸವೆದುಹೋದಾಗ ತಿಪ್ಪೇಶ ಅದನ್ನು ತನ್ನ ಬ್ಲಾಕಿಗೆ ತಂದಿಟ್ಟುಕೊಂಡಿದ್ದ. ಚಿಪ್ಪಿನಲ್ಲೂ ಒಂದೇ ಮನೆಯವರಾದೆವು ಎಂದಿದ್ದ. ಈಗ ಪೆಟ್ಟಿಗೆ ಅವನನ್ನು ತೆಗೆಯಲೆಂದು ಅವರನ್ನು ಅರ್ಧ ಸಾಗಿಸಿ ನಿಂತಿತ್ತು. ಸಾಗಿದ ಅರ್ಧವನ್ನೇ ಪೂರ್ತಿ ಎಂದುಕೊಂಡು ಹಳೆಯದನ್ನು ಒರೆಸಿಬಿಟ್ಟರೆ ಮುಗಿಯಿತು.

ಇನ್ನು ಕರೆಂಟು ಕೊಡುವ ಧೈರ್ಯವಾಗಲಿಲ್ಲ. ಪೆಟ್ಟಿಗೆಯನ್ನು ಏಳಿಸದೆಯೇ ಚಿಪ್ಪನ್ನು ಓದಬೇಕು. ಅದಕ್ಕೆ ರೀಡರು ಬೇಕು. ಅಂಗೈ ಅಗಲದ ಡಬ್ಬಿ, ಚಿಪ್ಪಿನ ಕಾಲುಗಳನ್ನು ಕಚ್ಚಿ ಹಿಡಿಯುವ ಒಂದು ಕ್ಲಿಪ್ಪು. ಮೇಜಿನ ಡ್ರಾಯರುಗಳಲ್ಲಿ ಹುಡುಕಿದೆ, ಅವನ ಚೀಲದಲ್ಲಿ ಹುಡುಕಿದೆ, ಇರಲಿಲ್ಲ. ಊರಿನಲ್ಲಿ ರೀಡರು ಇರುವುದು ಗಡಿಯಾರದ ಬೀದಿಯ ದಾದಾಪೀರರ ಬಳಿ ಮಾತ್ರ ಎಂದು ಕೇಳಿದ್ದೆ. ಅವರೂ ಪೆಟ್ಟಿಗೆ ರಿಪೇರಿ ಮಾಡುವವರು.

ಹೊರಡುವಾಗ ಅತ್ತೆ ನಡುಮನೆಯಲ್ಲಿ ಕೂತು ಗಂಟು ಕಟ್ಟುತ್ತಿದ್ದರು. ಎರಡು ಸೀರೆ, ಒಂದು ತಂಬಿಗೆ, ಎಲೆಅಡಿಕೆ ಚೀಲ. ತಂಗಿಯ ಸೊಸೆ ಮೇಲ್ದಿಬ್ಬದಲ್ಲೇ ಇದ್ದಾಳೆ, ಅವಳ ಹತ್ತಿರ ಇರುತ್ತೇನೆ ಎಂದರು, ತುಟಿಯಲ್ಲಿ. ನಾನು ಬರುವ ತನಕ ಕಟ್ಟಬೇಡಿ ಎಂದೆ. ತಲೆ ಆಡಿಸಿದರು. ಬೆರಳು ಗಂಟು ಹಾಕುತ್ತಲೇ ಇತ್ತು.

ದಾದಾಪೀರ್ ನನ್ನನ್ನು ಕಂಡು ಅಂಗಡಿಯ ಮಣೆಯಿಂದ ಎದ್ದು ನಿಂತರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ಟೂಲು ಒರೆಸಿದರು. ನಾನು ಕೂರಲಿಲ್ಲ. ಬೀದಿಯ ಪೆಟ್ಟಿಗೆ ಎದ್ದಿಲ್ಲ, ರೀಡರು ಬೇಕಿತ್ತು, ಸಂಜೆಯೊಳಗೆ ತಂದುಕೊಡುತ್ತೇನೆ ಎಂದೆ. ಅವರು ನನ್ನನ್ನೇ ನೋಡಿದರು.

“ಅದು ನಿಮ್ಮನೇಲೇ ಐತಲ್ಲಮ್ಮ.”

ಇಲ್ಲ, ಹುಡುಕಿದೆ ಎಂದೆ.

“ಅವನು ತಗೊಂಡು ಹೋಗಿ ಬಾಳ ದಿನ ಆಯ್ತು. ಧೂಳು ಹೋಗಬಾರ್ದು ಅಂತ ರೊಟ್ಟಿ ಇಡೋ ಹಾಟ್‌ಬಾಕ್ಸಲ್ಲಿ ಇಟ್ಟೀನಿ ಅಂದಿದ್ದ. ಮದುವೇಲಿ ಬಂದಿದ್ದಂತೆ, ನೀವು ಮುಟ್ಟೋದೇ ಇಲ್ವಂತೆ ಅದನ್ನ.”

ಹೌದು. ಮುಟ್ಟುತ್ತಿರಲಿಲ್ಲ. ಮಣ್ಣಾದ ಎರಡನೆಯ ದಿನ ದಾದಾಪೀರ್ ನಮ್ಮ ಜಗಲಿಯ ಮೇಲೆ ಬಂದು ಬಹಳ ಹೊತ್ತು ಕೂತಿದ್ದರು. ಟೀ ಕುಡಿದು, ಏನನ್ನೋ ಹೇಳಲು ಬಾಯಿ ತೆರೆದು, ಎದ್ದು ಹೋಗಿದ್ದರು. ಅದು ಈಗ ಅರ್ಥವಾಯಿತು. ಅದನ್ನು ಕೇಳಲೆಂದೇ ಬಂದಿದ್ದಿರಾ ಎಂದೆ.

“ಅಳೋಕೂ ಬಂದಿದ್ದೆ, ಅದನ್ನ ಕೇಳೋಕೂ ಬಂದಿದ್ದೆ. ಎರಡೂ ಆಗಲಿಲ್ಲ,” ಎಂದರು. ಆಮೇಲೆ, “ನಿಧಾನವಾಗಿ ಕೆಲಸ ಮುಗಿಸಿ, ನಾಳೆ ಕೊಡಿ ಸಾಕು,” ಎಂದರು.

ಹಾಟ್‌ಬಾಕ್ಸು ಅಟ್ಟದ ಮೇಲೆ, ಅದರ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು. ಮುಚ್ಚಳ ತೆಗೆದರೆ ರೀಡರು ಅವನ ಹಳೆಯ ಬನಿಯನ್ನಿನಲ್ಲಿ ಸುತ್ತಿಕೊಂಡಿತ್ತು. ನಾನು ಬನಿಯನ್ನನ್ನು ಬಿಚ್ಚಿ ಮಡಿಚಿಟ್ಟೆ. ಮೂಸಿ ನೋಡಲಿಲ್ಲ. ಹೊತ್ತಿರಲಿಲ್ಲ.

ಪೆಟ್ಟಿಗೆಯ ತಿರುಪು ತೆಗೆದು ಚಿಪ್ಪಿಗೆ ಕ್ಲಿಪ್ಪು ಕಚ್ಚಿಸಿದೆ. ಕೂದಲಿನಷ್ಟು ಸಪುರ ಕಾಲುಗಳು. ಒಂದು ಬಾಗಿದರೂ ಕೆಟ್ಟಂತೆ. ಮೊಣಕೈಗಳನ್ನು ಮೇಜಿಗೆ ಊರಿ, ಉಸಿರು ಬಿಟ್ಟ ಮೇಲೆ ಒತ್ತಿದೆ. ಇಡೀ ಚಿಪ್ಪನ್ನು ರೀಡರಿಗೆ ಓದಿಸಿದೆ. ನಂಬದೆ ಮತ್ತೊಮ್ಮೆ ಓದಿಸಿ ಹೋಲಿಸಿದೆ. ಎರಡೂ ಬೇರೆ ಬೇರೆ ಇದ್ದವು. ಕ್ಲಿಪ್ಪನ್ನು ತೆಗೆದು, ಕಾಲುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಹಾಕಿದೆ. ಈ ಸಲ ಒಂದು ಪುಟ ಬಿಟ್ಟು ಮಿಕ್ಕದ್ದೆಲ್ಲ ಒಂದೇ ಆಗಿತ್ತು. ಬ್ಲಾಕಿನೊಳಗಿನ ಸಣ್ಣ ಭಾಗವನ್ನು ಪುಟ ಎನ್ನುತ್ತೇವೆ. ಆ ಒಂದು ಪುಟ ಪ್ರತಿ ಸಲವೂ ಅಷ್ಟಿಷ್ಟು ಬೇರೆಯಾಗಿ ಬರುತ್ತಿತ್ತು.

ಮೂವತ್ತೊಂದನೆಯ ಬ್ಲಾಕು ಒರೆಸಿಹೋಗಿರಲಿಲ್ಲ. ಅತ್ತೆಯ ಕರೆಯ ಮೊದಲ ಅರ್ಧ ಹೊಸ ಜಾಗದಲ್ಲಿ ಸರಿಯಾಗಿ ಕೂತಿತ್ತು. ಎರಡನೆಯ ಅರ್ಧ ಹಳೆಯದರಲ್ಲೇ ಇತ್ತು, ಅದರ ಕೊನೆಯ ಪುಟವೇ ಪ್ರತಿ ಸಲ ಬದಲಾಗುತ್ತಿದ್ದ ಆ ಪುಟ. ಒರೆಸುವ ಕೆಲಸ ಅದನ್ನು ಮುಟ್ಟಿ ಬಿಟ್ಟಿತ್ತೆಂದು ಕಾಣುತ್ತದೆ. ಅದು ನಾನು ತಡಮಾಡಿದ ಆ ಕ್ಷಣದಲ್ಲೋ, ಅದಕ್ಕೆ ಮೊದಲೋ, ಇವತ್ತಿಗೂ ಗೊತ್ತಿಲ್ಲ.

ಅತ್ತೆ ಯಾವಾಗಲೋ ಬಂದು ಹಿಂದೆ ನಿಂತಿದ್ದರು. ಪರದೆಯ ಮೇಲೆ ಬರೀ ಅಂಕಿಗಳು. ಇದರಲ್ಲಿ ನಾನೆಲ್ಲಿ ಎಂದರು. ತೋರಿಸಿದೆ. ಅವನೆಲ್ಲಿ ಎಂದರು. ಇಲ್ಲಿಂದ ಇಲ್ಲಿಗೆ ಎಂದೆ. ಅವರು ಬೆರಳನ್ನು ಪರದೆಯ ಮೇಲಿಟ್ಟು, ಮೊದಲಿನಿಂದ ಕೊನೆಯ ತನಕ ನಿಧಾನವಾಗಿ ಎಳೆದರು. ಆಮೇಲೆ ಗಾಜಿನ ಮೇಲಾದ ಬೆರಳಿನ ಗುರುತನ್ನು ಸೆರಗಿನಿಂದ ಒರೆಸಿದರು.

ಆ ಪುಟವನ್ನು ಹತ್ತಾರು ಸಲ ಓದಿಸಿದೆ. ಪ್ರತಿ ಅಂಕಿಗೂ ಹೆಚ್ಚು ಸಲ ಬಂದದ್ದೇ ನಿಜವೆಂದು ಇಟ್ಟುಕೊಂಡು ಪುಟವನ್ನು ಮತ್ತೆ ಕಟ್ಟಿದೆ. ಓದುವ ಕಾಲದಲ್ಲಿ ಇದನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಅಲ್ಲಿ ತಪ್ಪಿದರೆ ಯಾರೂ ಮನೆ ಬಿಡಬೇಕಾಗಿರಲಿಲ್ಲ. ಈ ಪುಟ ಸರಿಯಾಗಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ನೀರು.

ಅತ್ತೆಯ ಕರೆ ಆ ಪುಟದ ನಡುವೆಯೇ ಮುಗಿಯುತ್ತದೆ. ಉಳಿದ ಜಾಗದಲ್ಲಿ ತಿಪ್ಪೇಶನದು ಶುರುವಾಗುತ್ತದೆ. ಮಾತಲ್ಲ, ಮಾತಿಗೆ ಮೊದಲು ಎಳೆದುಕೊಂಡ ಉಸಿರು. ಅವನ ಕರೆಯಲ್ಲಿ ಅದು ಇತ್ತೆಂದು ನನಗೆ ನೆನಪಿದೆ. ಅಲ್ಲಿಂದ ಮುಂದಕ್ಕೆ ಸೊನ್ನೆ ತುಂಬಬೇಕಿತ್ತು. ತುಂಬಿದರೆ ಪುಟದ ತಾಳೆ ಲೆಕ್ಕವನ್ನು ಮತ್ತೆ ಹಾಕಬೇಕು, ಸುಮ್ಮನೆ ಯಾಕೆ ಎಂದುಕೊಂಡೆ. ಆ ಲೆಕ್ಕ ಕಷ್ಟದ್ದಲ್ಲ. ಎರಡನೆಯ ಅರ್ಧವನ್ನು, ಆ ಪುಟ ಇದ್ದ ಹಾಗೇ, ಹೊಸ ಬ್ಲಾಕಿಗೆ ಬರೆದೆ.

ಆಮೇಲೆ ಮೂವತ್ತೊಂದನ್ನು ಪೂರ್ತಿ ಒರೆಸಿದೆ. ಅದಕ್ಕೆ ಒಂದು ಗುಂಡಿ ಸಾಕು. ಮತ್ತೆ ಓದಿಸಿದಾಗ ಆ ಬ್ಲಾಕಿನ ತುಂಬ ಒಂದೇ ಅಕ್ಷರ ಸಾಲುಗಟ್ಟಿ ನಿಂತಿತ್ತು. ಖಾಲಿ ಬ್ಲಾಕು ಹಾಗೇ ಕಾಣುತ್ತದೆ.

ದೀಪ ಹಚ್ಚುವ ಹೊತ್ತಿಗೆ ತಿರುಪು ಬಿಗಿದು ಕರೆಂಟು ಕೊಟ್ಟೆ. ಸಾಲುಗಳು ಓಡಿದವು. ಮೂವತ್ತೊಂದರ ಹತ್ತಿರ ಬಂದಾಗ ಕಣ್ಣು ಮುಚ್ಚಿದೆ. ತೆರೆದಾಗ ಅದು ದಾಟಿತ್ತು. ಫೈಲ್ ಸಿಸ್ಟಮ್ ಸಿದ್ಧ ಎಂದು ಬಂದು, ಪೆಟ್ಟಿಗೆಯ ಹಸಿರು ಲೈಟು ಮಿಣುಕಿ, ನಿಂತಿತು. ಅತ್ತೆ ಅಡುಗೆಮನೆಯಿಂದ ನೋಡಿದರು. ಪೆಟ್ಟಿಗೆ ಎದ್ದಿತ್ತು. ನೀರು ಒಪ್ಪುತ್ತದೆಯೋ ಇಲ್ಲವೋ ಬೆಳಗಾಗದೆ ತಿಳಿಯುವಂತಿರಲಿಲ್ಲ. ಅವರು ಕಟ್ಟಿದ ಗಂಟು ಬಾಗಿಲ ಪಕ್ಕದಲ್ಲೇ ಇತ್ತು.

ಮರುದಿನ ನಸುಕಿನಲ್ಲಿ ಕೊಡದ ಸದ್ದು ಕೂಡ ಕೇಳಿಸಲಿಲ್ಲ. ಎಲ್ಲರೂ ಅಷ್ಟು ಮೆಲ್ಲಗೆ ಇಟ್ಟಿದ್ದರು. ರುದ್ರೇಶಪ್ಪ ಪೆಟ್ಟಿಗೆಯನ್ನು ಮತ್ತೆ ಕಂಬಕ್ಕೇರಿಸಿ, ಸ್ವಿಚ್ಚು ಹಾಕಿ ಏಣಿಯ ಮೇಲೇ ನಿಂತರು. ಮೊದಲ ಮನೆಯ ಕರೆ ಬಂತು. ಕಾಲುವೆಯ ದೂರದ ತುದಿಯಲ್ಲಿ ನೀರಿನ ಸದ್ದಾಯಿತು. ಬೀದಿಯವರು ಹಿಡಿದಿದ್ದ ಉಸಿರು ಬಿಟ್ಟರು. ನಾನು ಬಿಡಲಿಲ್ಲ. ಕರೆಗಳು ಒಂದೊಂದಾಗಿ ಬಂದವು. ಗುರುಬಸವ ತೊಟ್ಟಿಲಲ್ಲಿ ಅತ್ತ. ಆ ಮನೆಯಾದ ಮೇಲೆ ನಮ್ಮದು.

ಬಾ ಬಾ ಬಾ, ಎಂದರು ಅತ್ತೆ, ಕಂಬದ ಮೇಲಿಂದ. ನೀರು ನಮ್ಮ ಮನೆಯ ಕಡೆ ತಿರುಗಿತು. ಬಾರೇ, ಎಂದು ದನಿ ಸ್ವಲ್ಪ ನಡುಗಿತು. ಮೊದಲು ನಡುಗುತ್ತಿರಲಿಲ್ಲ. ನೀರು ಕೆಳಗಿನ ಮೆಟ್ಟಿಲ ಮೇಲೆ ತಡೆಯಿತು. ಅತ್ತೆಯ ಕೈ ನನ್ನ ಮುಂಗೈಯನ್ನು ಹಿಡಿದಿತ್ತು; ಉಗುರುಗಳೆಲ್ಲ ಒತ್ತಿದವು. ಮಗಳೇ, ಎಂದಿತು ಪೆಟ್ಟಿಗೆ. ನೀರು ಮೆಟ್ಟಿಲು ಹತ್ತಿ ಬಂದು ಅವರ ಕೊಡಕ್ಕೆ ಇಳಿಯಿತು. ಕುತ್ತಿಗೆಯ ತನಕ ತುಂಬಿತು.

ಆಮೇಲೆ ಒಂದು ಉಸಿರು ಕೇಳಿಸಿತು. ಗಂಡಸಿನ ಉಸಿರು, ಏನನ್ನೋ ಹೇಳಲು ಎಳೆದುಕೊಂಡದ್ದು. ಅಷ್ಟೆ. ನೀರು ಹೋಗಲಿಲ್ಲ. ಹೊಸ್ತಿಲ ಮೇಲೆ, ಅತ್ತೆಯ ಕೊಡದ ಪಕ್ಕದಲ್ಲಿ, ತೆಳ್ಳಗೆ ಹರಡಿ ನಿಂತಿತು. ಮುಂದಿನ ಮಾತಿಗೆ ಕಾಯುತ್ತಿತ್ತು. ನಾನೂ ಕಾದೆ. ನನ್ನ ಕರೆ ಬಂತು. ನೀರು ನನ್ನ ಕೊಡ ತುಂಬಿಸಿ ಅಂಬಕ್ಕನ ಮನೆಗೆ ಇಳಿದುಹೋಯಿತು.

ಅಂಬಕ್ಕ ತುಂಬಿದ ಕೊಡ ಎತ್ತಿಕೊಳ್ಳುತ್ತ ಗೋಡೆಯಾಚೆಯಿಂದಲೇ ಹೇಳಿದಳು.

“ನಿಮ್ಮನೆ ಮುಂದೆ ಯಾಕೋ ನೀರು ಕಾಲೆಳೀತೈತೆ ಪ್ರಮೀಳ. ಬಿಡುವಾದಾಗ ಒಂದಿಷ್ಟ್ ನೋಡು.”

“ನೋಡ್ತೀನಿ ಅಕ್ಕ.”

ಅತ್ತೆ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಒಳಗೆ ಹೋಗಿ ಗಂಟು ಬಿಚ್ಚಿ ಸೀರೆಗಳನ್ನು ಕೊಡವಿ ತಂತಿಯ ಮೇಲೆ ಹಾಕಿದರು.

ರೀಡರನ್ನು ಹಿಂದಿರುಗಿಸುವುದು ಉಳಿದಿತ್ತು. ಇಡೀ ಚಿಪ್ಪು ಅದರಲ್ಲಿ ಮಾತ್ರ ಇತ್ತು, ಒರೆಸುವ ಮೊದಲು ಇದ್ದ ಹಾಗೆ. ಬೇರೆಯವರ ರೀಡರನ್ನು ಖಾಲಿ ಮಾಡಿ ಕೊಡುವುದು ಈ ಕಸುಬಿನ ಮರ್ಯಾದೆ ಎಂದು ತಿಪ್ಪೇಶನೇ ಹೇಳುತ್ತಿದ್ದ. ನಾನು ಅದನ್ನು ಮುಂದಿಟ್ಟುಕೊಂಡು ಕೂತಿದ್ದಾಗ ಅತ್ತೆ ಕಾಫಿ ತಂದರು.

ಅವನು ಇದರಲ್ಲಿ ಇನ್ನೂ ಇದ್ದಾನಾ ಎಂದರು. ಇದ್ದಾರೆ, ಪೂರ್ತಿ ಎಂದೆ. ಕೇಳಿಸುತ್ತದಾ ಎಂದರು. ಇದರಲ್ಲಿ ಕೇಳಿಸುವುದಿಲ್ಲ, ಪೆಟ್ಟಿಗೆಗೆ ಹಾಕಬೇಕು, ಹಾಕಿದರೆ ನೀರು ಬರುತ್ತದೆ ಎಂದೆ. ಅವರು ಯೋಚಿಸಿದರು. ತುಟಿ ನಿಧಾನವಾಗಿ ಆಡಿತು.

“ಬಂದ ನೀರು ಕುಡಿಯೋರು ಯಾರು?”

ಕಾಫಿ ಲೋಟ ಇಟ್ಟು ಹೋದರು. ನಾನು ರೀಡರನ್ನು ಖಾಲಿ ಮಾಡುವ ಗುಂಡಿ ಒತ್ತಿದೆ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಕಾಫಿ ಕುಡಿದೆ.

ಗಡಿಯಾರದ ಬೀದಿಯಲ್ಲಿ ದಾದಾಪೀರ್ ಆಗಷ್ಟೇ ಅಂಗಡಿಯ ಬಾಗಿಲು ತೆರೆಯುತ್ತಿದ್ದರು. ನೀರು ಬಂತಂತೆ, ಕೇಳಿದೆ, ಎಂದರು. ಬಂತು ಎಂದು ರೀಡರನ್ನು ಕೊಟ್ಟೆ. ಅವರು ಕಸುಬಿನವರ ಅಭ್ಯಾಸದಂತೆ ಅದನ್ನು ಅಲ್ಲೇ ಹಚ್ಚಿ ನೋಡಿದರು. ನೋಡಿ, ಮತ್ತೊಮ್ಮೆ ನೋಡಿದರು.

“ಖಾಲಿ ಮಾಡಿಬಿಟ್ರಾ?”

ಮಾಡಿದೆ ಎಂದೆ.

“ಅವನು ಒಂದು ಸಲನೂ ಮಾಡ್ದೋನಲ್ಲ. ಮಂದಿಗೆಲ್ಲ ಹೇಳೋದು ಮರ್ಯಾದೆ ಅಂತ, ತಾನು ಮಾತ್ರ ಇದ್ದಂಗೇ ತಂದು ಮಣೆ ಮೇಲೆ ಇಟ್ಟು ಹೋಗೋನು. ನಾನೇ ಬೈಕೊಂಡು ಒರೆಸ್ತಿದ್ದೆ.” ಅವರು ಡಬ್ಬಿಯನ್ನು ಅಂಗೈಯಲ್ಲಿ ತಿರುಗಿಸಿದರು. “ಹಂಗೇ ಕೊಟ್ಟಿದ್ರೂ ನಡೀತಿತ್ತಮ್ಮ. ನಾನು ಈ ಸಲ ಒರೆಸ್ತಿರಲಿಲ್ಲ.”

ಗೊತ್ತಿರಲಿಲ್ಲ ಎಂದೆ. ಕ್ಲಿಪ್ಪು ನನ್ನ ಕೈಯಲ್ಲೇ ಉಳಿದಿತ್ತು. ಅದನ್ನೂ ಕೊಟ್ಟೆ.